ಊರು ಬಿಡದವರ ಕ್ಯಾಮೆರಾ

ಅಮೆರಿಕದ ಕೆಂಟಕಿ ರಾಜ್ಯದ ಪೂರ್ವದಂಚಿನಲ್ಲಿ, ಅಪಲ್ಯಾಚಿಯದ ಕಲ್ಲಿದ್ದಲು ಬೆಟ್ಟಗಳ ನಡುವೆ ವೈಟ್ಸ್‌ಬರ್ಗ್ ಎಂಬ ಊರಿದೆ. ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟದು. ಅಲ್ಲಿನ ಆ್ಯಪಲ್‌ಶಾಪ್ ಸಂಸ್ಥೆಯಲ್ಲಿ ಹರೆಯದಲ್ಲಿ ಕ್ಯಾಮೆರಾ ಹಿಡಿದ ಕೆಲವರು ತಲೆ ನರೆಯುವವರೆಗೂ ಸಾಕ್ಷ್ಯಚಿತ್ರವನ್ನೇ ಬದುಕು ಮಾಡಿಕೊಂಡರು. ಸಿನಿಮಾ ಎಂದರೆ ದೊಡ್ಡ ನಗರದ ಹಾದಿ ಹಿಡಿಯಬೇಕಾದ ದೇಶದಲ್ಲಿ ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು 1960ರ ದಶಕಕ್ಕೆ ಹೋಗಬೇಕು.

ಆ ಹೊತ್ತಿಗೆ ಗಣಿಗಳಿಗೆ ಯಂತ್ರ ಬಂದು ಕೂಲಿ ಹೋಗಿತ್ತು. ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಉತ್ತರದ ಕಾರ್ಖಾನೆ ನಗರಗಳತ್ತ ಹೊರಟಿದ್ದವು. ಗುಳೆ ಹೋಗುವ ಊರುಗಳನ್ನು ಕಂಡ ನಮಗೆ ಈ ಚಿತ್ರ ಅಪರಿಚಿತವೇನಲ್ಲ. 1964ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಇದೇ ಸೀಮೆಯ ಬಡವನೊಬ್ಬನ ಮನೆ ಜಗಲಿಗೆ ಬಂದು ಕೂತರು. ಬಡತನದ ವಿರುದ್ಧ ಅವರು ಸಾರಿದ ಯುದ್ಧಕ್ಕೆ ಆ ಜಗಲಿಯೇ ಗುರುತಾಯಿತು. ಟಿವಿಯವರು, ಪತ್ರಿಕೆಯವರು ಒಬ್ಬರ ಹಿಂದೊಬ್ಬರು ಬಂದರು. ಮುರುಕು ಮನೆ, ಬರಿಗಾಲಿನ ಮಕ್ಕಳು, ಮಸಿ ಮೆತ್ತಿದ ಮುಖಗಳು ದೇಶದ ಮನೆಮನೆಯಲ್ಲಿ ಕಂಡವು. ಆ ಚಿತ್ರಗಳು ಸುಳ್ಳಲ್ಲ, ಬಡತನ ನಿಜವೇ. ಆದರೆ ಕಲ್ಲಿದ್ದಲನ್ನು ರೈಲಿಗೆ ತುಂಬಿ ಒಯ್ದವರು ಯಾರು, ಆ ಹಣ ಎಲ್ಲಿ ಹೋಯಿತು ಎಂಬುದು ಅವುಗಳಲ್ಲಿ ಕಾಣಲಿಲ್ಲ. ಜನ ಕುಗ್ಗಿದರು, ಕೆರಳಿದರು.

ಆ ಕೆರಳಿಕೆ 1967ರ ಸೆಪ್ಟೆಂಬರ್‌ನಲ್ಲಿ ಒಂದು ಜೀವ ತೆಗೆಯಿತು. ಕೆನಡಾದ ಚಿತ್ರನಿರ್ಮಾಪಕ ಹ್ಯೂ ಓಕಾನರ್, ವೈಟ್ಸ್‌ಬರ್ಗ್ ಇರುವ ಲೆಚರ್ ಕೌಂಟಿಯಲ್ಲಿ ಬಾಡಿಗೆ ಮನೆಯ ಗಣಿ ಕಾರ್ಮಿಕನೊಬ್ಬನನ್ನು ಚಿತ್ರೀಕರಿಸುತ್ತಿದ್ದರು. ಜಾಗದ ಮಾಲೀಕ ಬಂದು ಗುಂಡು ಹಾರಿಸಿದ. ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತವಾಗಲಿಲ್ಲ. ಆಮೇಲೆ ಆತ ತಪ್ಪೊಪ್ಪಿಕೊಂಡ, ಹತ್ತು ವರ್ಷದ ಶಿಕ್ಷೆಯಲ್ಲಿ ಒಂದು ವರ್ಷ ಕಳೆದು ಹೊರಬಂದ. ಊರಿನಲ್ಲಿ ಅನೇಕರ ಕನಿಕರ ಕೊಂದವನ ಕಡೆಗೇ ಇತ್ತು. ಕೊಲೆಯನ್ನು ನಾನು ಸಮರ್ಥಿಸಲಾರೆ; ಅದರ ಹಿಂದಿದ್ದ ಅವಮಾನವನ್ನು ಮರೆತು ಮುಂದಿನ ಕಥೆ ಹೇಳಲೂ ಆರೆ.

1969ರಲ್ಲಿ, ಯೇಲ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿತಿದ್ದ ಬಿಲ್ ರಿಚರ್ಡ್‌ಸನ್ ಎಂಬ ಯುವಕ ವೈಟ್ಸ್‌ಬರ್ಗ್‌ಗೆ ಬಂದು ಚಲನಚಿತ್ರ ತರಬೇತಿ ಶುರುಮಾಡಿದರು. ಹಣ ಬಡತನ ನಿವಾರಣೆಯ ಸರ್ಕಾರಿ ಕಚೇರಿಯಿಂದ ಮತ್ತು ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಿಂದ. ಬಡ ಯುವಕರಿಗೆ ಟಿವಿ, ಸಿನಿಮಾ ಉದ್ಯಮದಲ್ಲಿ ಕೆಲಸ ಸಿಗುವಂತೆ ಮಾಡುವುದು ಉದ್ದೇಶ. ಆದರೆ ಲೆಚರ್ ಕೌಂಟಿಯಲ್ಲಿ ಅಂಥ ಉದ್ಯಮವೆಲ್ಲಿತ್ತು? ಕಲಿತವನು ಊರು ಬಿಡಲೇಬೇಕಿತ್ತು. ಹುಡುಗರಲ್ಲಿ ಹಲವರು ಬಿಡಲಿಲ್ಲ. ಸರ್ಕಾರಿ ಹಣ ನಿಂತಾಗ ತಾವೇ ಲಾಭದ ಹಂಗಿಲ್ಲದ ಸಂಸ್ಥೆ ಕಟ್ಟಿಕೊಂಡರು; ಅದೇ ಆ್ಯಪಲ್‌ಶಾಪ್.

ಅವರ ಮೊದಲ ಚಿತ್ರಗಳು ಅಕ್ಕಪಕ್ಕದವರ ಮೇಲೆಯೇ: ಹಂದಿ ಕೊಯ್ಯುವವನು, ಕುರ್ಚಿ ಮಾಡುವ ಬಡಗಿ, ಹಳೆಯ ಪದ್ಧತಿಯ ಬ್ಯಾಪ್ಟಿಸ್ಟ್ ಚರ್ಚ್. ಬಡತನದ ಲಾಂಛನವಾಗಿದ್ದ ಜನ ಇಲ್ಲಿ ಕಸುಬು ಬಲ್ಲವರಾಗಿ ಕಂಡರು. ಪ್ರಶ್ನೆ ಕೇಳುವವರೂ ನೆರೆಹೊರೆಯವರಾದ್ದರಿಂದ ಮಾತಿಗೆ ಬಿಗಿಯಿರಲಿಲ್ಲ.

ಹಾಗೆಂದು ಇದು ಬರೀ ಹಳೆಯದರ ಹಂಬಲವಾಗಲಿಲ್ಲ. 1972ರ ಫೆಬ್ರವರಿ 26ರಂದು ಪಕ್ಕದ ವೆಸ್ಟ್ ವರ್ಜೀನಿಯಾದ ಬಫಲೋ ಕ್ರೀಕ್‌ನಲ್ಲಿ ಕಲ್ಲಿದ್ದಲು ತ್ಯಾಜ್ಯದ ಒಡ್ಡು ಒಡೆದು 125 ಜನ ಸತ್ತರು, ಸಾವಿರಾರು ಜನ ಮನೆ ಕಳೆದುಕೊಂಡರು. ಕಂಪನಿಯವರು ಇದು ದೈವದ ಕೃತ್ಯ ಎಂದರು. ಆ್ಯಪಲ್‌ಶಾಪ್‌ನ ಮಿಮಿ ಪಿಕರಿಂಗ್ 1975ರಲ್ಲಿ ಮಾಡಿದ ಚಿತ್ರ, ಇದು ಮನುಷ್ಯನ ಕೃತ್ಯ ಎಂದು ಹೆಸರಿನಲ್ಲೇ ಉತ್ತರ ಕೊಟ್ಟಿತು. 2005ರಲ್ಲಿ ಅದು, ಕಾಪಾಡಿಕೊಳ್ಳಬೇಕಾದ ಚಿತ್ರಗಳ ಪಟ್ಟಿಯಾದ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು.

ಸಂಸ್ಥೆ ಕವಲೊಡೆಯಿತು. 1975ರಲ್ಲಿ ರೋಡ್‌ಸೈಡ್ ಥಿಯೇಟರ್ ಬೆಟ್ಟಗಳ ಕಥೆಗಳನ್ನು ರಂಗಕ್ಕೆ ತಂದಿತು. 1985ರಲ್ಲಿ ಸಮುದಾಯ ರೇಡಿಯೊ ಬಂತು. ಆ ಸೀಮೆಯ ಜೈಲುಗಳಲ್ಲಿರುವವರಿಗಾಗಿ ದೂರದ ಮನೆಯವರು ಫೋನಿನಲ್ಲಿ ಹೇಳಿದ ಮಾತುಗಳನ್ನು ಅದು ಬಿತ್ತರಿಸುತ್ತ ಬಂದಿದೆ. ಒಬ್ಬ ತಾಯಿಯ ದನಿಯನ್ನು ಮಗನ ಕೋಣೆಗೆ ಮುಟ್ಟಿಸುವುದಕ್ಕಿಂತ ದೊಡ್ಡ ಕಲಾಸೇವೆ ನನಗೆ ತಿಳಿದಿಲ್ಲ.

ಇಂಥ ಸಂಸ್ಥೆಯಲ್ಲಿ ದುಡಿಯುವುದೆಂದರೆ ಚಿತ್ರ ತೆಗೆಯುವುದಷ್ಟೇ ಅಲ್ಲ. ಅನುದಾನದ ಅರ್ಜಿ ಬರೆಯಬೇಕು, ಶಾಲೆಯಲ್ಲಿ ಪ್ರದರ್ಶನ ಏರ್ಪಡಿಸಬೇಕು, ಹೊಸ ಮಕ್ಕಳಿಗೆ ಕಲಿಸಬೇಕು, ರೀಲುಗಳನ್ನು ಕಾಪಾಡಬೇಕು. ಈ ಕೆಲಸ ಮಾಡಿದವರ ಹೆಸರು ಪರದೆಯ ಮೇಲೆ ಕಂಡದ್ದು ಕಡಿಮೆ, ಆದರೆ ಸಂಸ್ಥೆ ನಿಂತಿದ್ದು ಅವರಿಂದ. ಆ ಸೀಮೆಯವರೇ ಆದ, ಸಂಸ್ಥೆಯ ಎಲಿಜಬೆತ್ ಬ್ಯಾರೆಟ್ 2000ದಲ್ಲಿ ಒಂದು ಸಾಕ್ಷ್ಯಚಿತ್ರದ ಮೂಲಕ ಓಕಾನರ್ ಕೊಲೆಯ ಕಥೆಗೆ ಮರಳಿದರು. ಕೊಂದವನ ಊರಿನವರ ಜೊತೆಗೂ ಸತ್ತವನ ಕಡೆಯವರ ಜೊತೆಗೂ ಮಾತಾಡಿ, ಕ್ಯಾಮೆರಾ ಹಿಡಿದ ತನ್ನ ಹೊಣೆಯೇನೆಂದು ತನ್ನನ್ನೇ ಕೇಳಿಕೊಂಡರು.

2022ರ ಜುಲೈ ಕೊನೆಯ ಪ್ರವಾಹದಲ್ಲಿ ಪೂರ್ವ ಕೆಂಟಕಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಆ್ಯಪಲ್‌ಶಾಪ್ ಕಟ್ಟಡಕ್ಕೂ ನದಿ ನುಗ್ಗಿತು. ಐವತ್ತು ವರ್ಷಗಳ ಚಿತ್ರ, ಧ್ವನಿಮುದ್ರಿಕೆಗಳ ಸಂಗ್ರಹ ಕೆಸರಾಯಿತು. ನೀರು ಇಳಿದ ಮೇಲೆ ಸಿಬ್ಬಂದಿ, ಸ್ವಯಂಸೇವಕರು ಸೇರಿ ರೀಲುಗಳನ್ನು ಕೆಸರಿನಿಂದ ಹೆಕ್ಕಿ ತೆಗೆದು ದುರಸ್ತಿಗೆ ಕಳಿಸಲು ಶುರುಮಾಡಿದರು.