ರೋಗಿಯನ್ನೇ ಕೇಳಲು ವೈದ್ಯಕೀಯ ಕಲಿತದ್ದು ಹೇಗೆ?

ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಯಾವ ವೈದ್ಯರನ್ನು ಕೇಳಿದರೂ ಈ ಪ್ರಸಂಗವನ್ನು ಹೇಳುತ್ತಾರೆ. ತಪಾಸಣೆ ಮುಗಿದ ಮೇಲೆ ಅಪ್ಪನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಮಗ ಒಬ್ಬನೇ ಮರಳಿ ಒಳಗೆ ಬರುತ್ತಾನೆ. ಬಾಗಿಲು ಮುಂದಕ್ಕೆ ಹಾಕಿ, ದನಿ ತಗ್ಗಿಸಿ, "ಏನಿದ್ದರೂ ನಮಗೆ ಹೇಳಿ ಸರ್. ಅಪ್ಪನಿಗೆ ಮಾತ್ರ ಗೊತ್ತಾಗಬಾರದು, ಎದೆ ಒಡೆದುಕೊಂಡುಬಿಡುತ್ತಾರೆ" ಎನ್ನುತ್ತಾನೆ. ಹೊರಗೆ ಕುಳಿತ ಅಪ್ಪನಿಗೆ ಎಷ್ಟೋ ಸಲ ವಿಷಯ ತಿಳಿದೇ ಇರುತ್ತದೆ. ಮಗ ನೊಂದುಕೊಂಡಾನು ಎಂದು ಅವರೂ ಬಾಯಿ ಬಿಡುವುದಿಲ್ಲ.

ಈ ಮಗನನ್ನು ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ಒಂದು ಕಾಲಕ್ಕೆ ಇದೇ ಭಯ ವೈದ್ಯರದೂ ಆಗಿತ್ತು. 1961ರಲ್ಲಿ ಷಿಕಾಗೋದ ಆಸ್ಪತ್ರೆಯೊಂದರ ವೈದ್ಯರನ್ನು ವಿಚಾರಿಸಿದಾಗ, ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಲೇಸು ಎಂದವರು ಶೇ 90ರಷ್ಟು ಮಂದಿ. 1979ರಲ್ಲಿ ಅಮೆರಿಕದಲ್ಲೇ ಹೆಚ್ಚುಕಡಿಮೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ, ಹೇಳುತ್ತೇವೆ ಎಂದವರು ಶೇ 97. ಹದಿನೆಂಟೇ ವರ್ಷಗಳಲ್ಲಿ ಒಂದು ವೃತ್ತಿಯ ನಡವಳಿಕೆ ತಲೆಕೆಳಗಾಯಿತು. ಅಷ್ಟರೊಳಗೆ ಹೊಸ ಔಷಧಗಳು ಬಂದಿದ್ದವು, ರೋಗಿಗಳ ಹಕ್ಕಿನ ಮಾತು ಶುರುವಾಗಿತ್ತು. ಇವೆಲ್ಲದರ ಜೊತೆಗೆ, ಸಾಯುತ್ತಿರುವವರ ಮಾತನ್ನು ಪುರಾವೆಯೆಂದು ಪರಿಗಣಿಸುವ ಸಂಶೋಧನೆಯೊಂದು ಹುಟ್ಟಿಕೊಂಡಿತ್ತು.

ಅದರ ಮೊದಲ ಹೆಜ್ಜೆಗಳು ಲಂಡನ್ನಿನಲ್ಲಿ ಕಾಣುತ್ತವೆ. ಜಾನ್ ಹಿಂಟನ್ ಎಂಬ ಮನೋವೈದ್ಯರು ಸಾವಿನ ಹತ್ತಿರವಿದ್ದ ನೂರಕ್ಕೂ ಹೆಚ್ಚು ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಕುಳಿತು ವಾರವಾರವೂ ಮಾತನಾಡಿಸಿದರು. ಅಷ್ಟೇ ಕಾಯಿಲೆಯಿದ್ದರೂ ಗುಣವಾಗುವ ನಿರೀಕ್ಷೆಯಿದ್ದ ರೋಗಿಗಳೊಂದಿಗೆ ಅವರನ್ನು ಹೋಲಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಾಯುತ್ತಿದ್ದವರ ನೋವು, ಉಸಿರಾಟದ ಕಷ್ಟ, ಖಿನ್ನತೆ, ಆತಂಕ ಎಲ್ಲವೂ ಲೆಕ್ಕಕ್ಕೆ ಸಿಕ್ಕವು. ಇನ್ನೊಂದು ಸಂಗತಿಯೂ ಹೊರಬಿತ್ತು: ಯಾರೂ ಹೇಳದಿದ್ದರೂ ಅವರಲ್ಲಿ ಅನೇಕರಿಗೆ ತಮ್ಮ ಸ್ಥಿತಿ ಗೊತ್ತಿತ್ತು.

ಅದೇ ಹೊತ್ತಿಗೆ ಲಂಡನ್ನಿನ ಪೂರ್ವಭಾಗದ ಹ್ಯಾಕ್ನಿಯಲ್ಲಿ, ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಸೇಂಟ್ ಜೋಸೆಫ್ ಆಶ್ರಯಧಾಮದಲ್ಲಿ (ಹಾಸ್ಪಿಸ್, ಗುಣವಾಗದ ಕಾಯಿಲೆಯವರನ್ನು ಕೊನೆಯವರೆಗೆ ಆರೈಕೆ ಮಾಡುವ ಮನೆ) ಸಿಸಿಲಿ ಸಾಂಡರ್ಸ್ ಕೆಲಸ ಮಾಡುತ್ತಿದ್ದರು. ಆಕೆ ಮೊದಲು ನರ್ಸ್, ಬೆನ್ನುನೋವಿನಿಂದ ಆ ಕೆಲಸ ಬಿಟ್ಟ ಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ನಲವತ್ತರ ಹತ್ತಿರ ಬಂದಾಗ ವೈದ್ಯೆ. ಈ ಮೂರು ಕೆಲಸಗಳ ಅನುಭವವೂ ಆಕೆಯ ವಿಧಾನದಲ್ಲಿ ಎದ್ದು ಕಾಣುತ್ತದೆ. ನೋವು ಕೆರಳುವವರೆಗೆ ಕಾಯದೆ ಗಂಟೆಗನುಸಾರ ಮಾರ್ಫಿನ್ (ಅಫೀಮಿನಿಂದ ತೆಗೆಯುವ ಪ್ರಬಲ ನೋವುನಿವಾರಕ) ಕೊಡುವ ಕ್ರಮವನ್ನು ಅಲ್ಲಿ ನೆಲೆಗೊಳಿಸಿದರು. ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಪ್ಪವಾಗಿ ದಾಖಲಿಸಿದರು. ಟೇಪ್ ರೆಕಾರ್ಡರ್ ಇಟ್ಟು ಅವರ ಮಾತನ್ನು ಇದ್ದಂತೆಯೇ ಹಿಡಿದಿಟ್ಟರು.

ಹಾಗೆ ದಾಖಲಾದ ಒಬ್ಬ ಮಹಿಳೆಯ ಉತ್ತರ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ನೋವಿನ ಬಗ್ಗೆ ಹೇಳಿ ಎಂದಾಗ ಆಕೆ, ನೋವು ಬೆನ್ನಿನಲ್ಲಿ ಶುರುವಾಯಿತು, ಈಗ ನೋಡಿದರೆ ನಾನೇ ಪೂರ್ತಿ ಸರಿಯಿಲ್ಲ ಅನ್ನಿಸುತ್ತಿದೆ ಎಂದರು. ಬಳಿಕ ಗಂಡ, ಮಗನ ಮಾತು ಬಂತು. ಅವರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಆದರೆ ತನಗಾಗಿ ರಜೆ ಹಾಕಿದರೆ ಅವರ ಸಂಬಳ ಹೋಗುತ್ತದೆ ಎಂಬ ಚಿಂತೆ ಆಕೆಗಿತ್ತು. ಮಾತ್ರೆಗೆ, ಚುಚ್ಚುಮದ್ದಿಗೆ ಅಂಗಲಾಚಬೇಕೆನಿಸಿದರೂ ಹಾಗೆ ಮಾಡಬಾರದು ಎಂದು ತಡೆದುಕೊಂಡಿದ್ದರು. ತನ್ನ ಕಷ್ಟ ಯಾರಿಗೂ ಅರ್ಥವಾಗುತ್ತಿಲ್ಲ ಎಂಬ ಒಂಟಿತನವೂ ಇತ್ತು. ಬೆನ್ನಿನ ನೋವು, ದುಡ್ಡಿನ ಚಿಂತೆ, ಮನೆಯವರ ಮೇಲಿನ ಮಮತೆ, ಅವಮಾನ ಎಲ್ಲವೂ ಒಂದೇ ಉತ್ತರದಲ್ಲಿದ್ದವು. ಇದನ್ನೇ ಸಾಂಡರ್ಸ್ 1964ರಲ್ಲಿ 'ಸಮಗ್ರ ನೋವು' ಎಂದು ಬರೆದರು. ದೇಹದ ನೋವಿಗೆ ಔಷಧ ಕೊಟ್ಟು ಉಳಿದದ್ದನ್ನು ಬಿಟ್ಟರೆ ಔಷಧವೂ ಪೂರ್ತಿ ಕೆಲಸ ಮಾಡುವುದಿಲ್ಲ ಎಂಬ ಆಕೆಯ ವಾದಕ್ಕೆ ಆ ಟೇಪುಗಳೇ ಆಧಾರವಾಗಿದ್ದವು.

1967ರಲ್ಲಿ ಆಕೆ ತೆರೆದ ಸೇಂಟ್ ಕ್ರಿಸ್ಟೋಫರ್ ಆಶ್ರಯಧಾಮದಲ್ಲಿ ಆರೈಕೆಯ ಜೊತೆ ಸಂಶೋಧನೆಯೂ ಮೊದಲಿನಿಂದಲೇ ನಡೆಯಿತು. ಆಗ ಬ್ರಿಟನ್ನಿನಲ್ಲಿ ನೋವಿಗೆ ಕೊಡುತ್ತಿದ್ದ ಹೆರಾಯಿನ್ನಿಗಿಂತ ಬಾಯಿಯ ಮೂಲಕ ಕೊಡುವ ಸಾಧಾರಣ ಮಾರ್ಫಿನ್ ಏನೂ ಕಡಿಮೆಯಲ್ಲ ಎಂದು ರಾಬರ್ಟ್ ಟ್ವೈಕ್ರಾಸ್ ತೋರಿಸಿದ್ದು ಅಲ್ಲಿಯೇ. ಬಡ ದೇಶಗಳಿಗೂ ಎಟಕುವ ಔಷಧ ಅದು. ಸಾವನ್ನು ಎದುರಿಸುವವರ ಮನಸ್ಸು ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಹಂತಗಳಲ್ಲಿ ಸಾಗುತ್ತದೆ ಎಂದು 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಮುಂದಿಟ್ಟ ಐದು ಹಂತಗಳು ಇದಕ್ಕಿಂತ ಹೆಚ್ಚು ಪ್ರಸಿದ್ಧವಾದವು. ಎಲ್ಲರೂ ಆ ಹಂತಗಳನ್ನು ಸಾಲಾಗಿ ಹಾದುಹೋಗುತ್ತಾರೆಂದು ನಂತರದ ಅಧ್ಯಯನಗಳು ತೋರಿಸಲಿಲ್ಲ. ರೋಗಿಗಳ ಎದುರು ವಿದ್ಯಾರ್ಥಿಗಳನ್ನು ಕೂರಿಸಿ, ಅವರಿಂದಲೇ ಕಲಿಯಿರಿ ಎಂದದ್ದು ಆಕೆಯ ನಿಜವಾದ ಕೊಡುಗೆ ಎಂದು ನನಗೆ ಅನ್ನಿಸುತ್ತದೆ.

ಆದರೆ ವಿಷಯ ತಿಳಿಸುವುದು ರೂಢಿಯಾದ ಮಾತ್ರಕ್ಕೆ ರೋಗಿಯ ಮಾತು ವೈದ್ಯರ ಕಿವಿಗೆ ಬೀಳಲಿಲ್ಲ. 1995ರಲ್ಲಿ ಅಮೆರಿಕದ ಐದು ಬೋಧನಾ ಆಸ್ಪತ್ರೆಗಳ 9,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಹೃದಯ ನಿಂತರೆ ಮತ್ತೆ ಚಾಲನೆ ಕೊಡುವುದು ಬೇಡ ಎಂದು ಬಯಸಿದ್ದ ರೋಗಿಗಳ ಇಚ್ಛೆ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಅವರ ವೈದ್ಯರಿಗೇ ತಿಳಿದಿರಲಿಲ್ಲ. ಪ್ರಜ್ಞೆಯಲ್ಲಿದ್ದು ಆಸ್ಪತ್ರೆಯಲ್ಲಿ ತೀರಿಕೊಂಡವರಲ್ಲಿ ಅರ್ಧದಷ್ಟು ಮಂದಿ ಕೊನೆಯ ದಿನಗಳಲ್ಲಿ ಕನಿಷ್ಠ ಅರ್ಧ ಹೊತ್ತನ್ನು ಮಧ್ಯಮದಿಂದ ತೀವ್ರ ಮಟ್ಟದ ನೋವಿನಲ್ಲೇ ಕಳೆದರು ಎಂದು ಮನೆಯವರು ಹೇಳಿದ್ದರು. ತರಬೇತಾದ ನರ್ಸುಗಳು ರೋಗಿಗಳೊಂದಿಗೆ ಮಾತನಾಡಿ ಅವರ ಇಚ್ಛೆಯನ್ನು ವೈದ್ಯರಿಗೆ ತಲುಪಿಸುವ ಏರ್ಪಾಡನ್ನೂ ಮಾಡಿ ನೋಡಿದರು. ಅದರಿಂದಲೂ ಸುಧಾರಣೆ ಕಾಣಲಿಲ್ಲ. ಈ ಇಡೀ ಇತಿಹಾಸದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಸೋಲು ಇದೇ.

ಕೆನಡಾದ ವಿನಿಪೆಗ್‌ನಲ್ಲಿ ಮನೋವೈದ್ಯ ಹಾರ್ವಿ ಚೋಚಿನೋವ್ ಇನ್ನೂ ಕಠಿಣವಾದ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಬೇಗ ಸಾವು ಬಂದರೆ ಸಾಕು ಎಂದು ನಿಮಗೆ ಅನ್ನಿಸುತ್ತದೆಯೇ ಎಂದು 200 ರೋಗಿಗಳನ್ನು ಕೇಳಿದಾಗ, ಅಂಥ ಗಟ್ಟಿಯಾದ ಬಯಕೆಯಿದ್ದವರು ಶೇ 8.5ರಷ್ಟು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಖಿನ್ನತೆಯಿತ್ತು. ಉಳಿದವರಲ್ಲಿ ಅದು ಶೇ 8ಕ್ಕಿಂತ ಕಡಿಮೆ. ಬದುಕುವ ಆಸೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ ಎಂಬುದೂ ಮುಂದಿನ ಅಧ್ಯಯನದಲ್ಲಿ ಕಂಡಿತು. ಖಿನ್ನತೆಯನ್ನು ಗುರುತಿಸಲು ಉದ್ದನೆಯ ಪ್ರಶ್ನಾವಳಿಗಳಿಗಿಂತ, ಮನಸ್ಸು ಕುಗ್ಗಿದೆಯೇ ಎಂಬ ನೇರವಾದ ಒಂದೇ ಪ್ರಶ್ನೆ ಹೆಚ್ಚು ಚೆನ್ನಾಗಿ ಕೆಲಸ ಮಾಡಿತು.

ಇದರ ಮುಂದುವರಿಕೆಯೇ ಅವರ 'ಘನತೆಯ ಚಿಕಿತ್ಸೆ'. ನಿಮ್ಮ ಬದುಕಿನಲ್ಲಿ ಮುಖ್ಯವಾದದ್ದು ಯಾವುದು, ಯಾವಾಗ ಹೆಚ್ಚು ಜೀವಂತವಾಗಿದ್ದೆ ಅನ್ನಿಸುತ್ತದೆ, ಮನೆಯವರಿಗೆ ಹೇಳದೆ ಉಳಿದದ್ದೇನು ಎಂದು ರೋಗಿಯನ್ನು ಕೇಳುತ್ತಾರೆ. ಉತ್ತರಗಳನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ತಿದ್ದಿ, ಅವರಿಗೇ ಓದಿ ಹೇಳಿ, ಅವರು ಸರಿ ಎಂದ ಮೇಲೆ ಪ್ರತಿಯನ್ನು ಅವರ ಕೈಗೆ ಕೊಡುತ್ತಾರೆ. 2011ರ ದೊಡ್ಡ ಪ್ರಯೋಗದಲ್ಲಿ ಸಂಕಟವನ್ನು ಅಳೆಯುವ ಮುಖ್ಯ ಮಾಪನಗಳಲ್ಲಿ ಇದಕ್ಕೂ ಮಾಮೂಲಿ ಆರೈಕೆಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ತಮಗೆ ಅನುಕೂಲವಾಯಿತು, ಘನತೆ ಹೆಚ್ಚಿತು, ಮನೆಯವರಿಗೂ ನೆರವಾಗುತ್ತದೆ ಎಂದವರು ಈ ಗುಂಪಿನಲ್ಲೇ ಹೆಚ್ಚು. ಎರಡು ಫಲಿತಾಂಶಗಳನ್ನೂ ಒಟ್ಟಿಗೆ ಹೇಳಬೇಕು.

ಹಾಗೆ ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ದೇಹದ ಬೇರೆಡೆಗೆ ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರಲ್ಲಿ, ಗುಂಪಾಗಿ ಕುಳಿತು ಮನಸ್ಸು ಬಿಚ್ಚಿ ಮಾತನಾಡಿದವರು ಸರಾಸರಿ ಸುಮಾರು ಎರಡು ಪಟ್ಟು ಕಾಲ ಬದುಕಿದರು ಎಂದು 1989ರಲ್ಲಿ ಡೇವಿಡ್ ಸ್ಪೀಗಲ್ ವರದಿ ಮಾಡಿದರು. ಮನಸ್ಸು ಗಟ್ಟಿಯಿದ್ದರೆ ಕ್ಯಾನ್ಸರನ್ನೂ ಗೆಲ್ಲಬಹುದು ಎಂಬ ಮಾತಿಗೆ ಇದರಿಂದ ಬಲ ಬಂತು. 2001ರಲ್ಲಿ 235 ಮಹಿಳೆಯರ ಮೇಲೆ ಅದೇ ಬಗೆಯ ಪ್ರಯೋಗ ನಡೆಸಿದಾಗ ಆಯುಸ್ಸು ಹೆಚ್ಚಲಿಲ್ಲ. ಸಂಕಟ ಮತ್ತು ನೋವು ಮಾತ್ರ ಕಡಿಮೆಯಾದವು, ವಿಶೇಷವಾಗಿ ಮೊದಲೇ ಹೆಚ್ಚು ನೊಂದಿದ್ದವರಲ್ಲಿ. ಕಾಯಿಲೆ ಉಲ್ಬಣಿಸಿದವರಿಗೆ 'ನೀವು ಧೈರ್ಯ ತಂದುಕೊಳ್ಳಲಿಲ್ಲ' ಎನ್ನುವ ನೆಂಟರು ಈ ಎರಡನೆಯ ಫಲಿತಾಂಶವನ್ನು ತಿಳಿದಿರಬೇಕು. 2010ರಲ್ಲಿ ಬಾಸ್ಟನ್ನಿನ ಜೆನಿಫರ್ ಟೆಮೆಲ್ ತಂಡ 151 ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಕಂಡದ್ದು ಬೇರೆ: ಕಾಯಿಲೆ ಪತ್ತೆಯಾದ ಕೂಡಲೇ ಚಿಕಿತ್ಸೆಯ ಜೊತೆ ಉಪಶಾಮಕ ಆರೈಕೆಯನ್ನೂ (ನೋವು, ಸಂಕಟಗಳನ್ನು ತಗ್ಗಿಸುವ ಆರೈಕೆ) ಪಡೆದವರಲ್ಲಿ ಖಿನ್ನತೆಯ ಲಕ್ಷಣಗಳಿದ್ದವರು ಶೇ 16, ಪಡೆಯದವರಲ್ಲಿ ಶೇ 38. ಆರೈಕೆ ಪಡೆದವರು ಸಾವಿನ ಸಮೀಪದಲ್ಲಿ ಉಗ್ರ ಚಿಕಿತ್ಸೆಗೆ ಒಳಗಾದದ್ದು ಕಡಿಮೆ, ಆದರೂ ಬದುಕಿದ್ದು ಎರಡು-ಮೂರು ತಿಂಗಳು ಹೆಚ್ಚು.

ಭಾರತದಲ್ಲಿ ಈ ಕಥೆಗೆ ಆರಂಭದಲ್ಲೇ ಪೆಟ್ಟು ಬಿತ್ತು. 1985ರ ಮಾದಕವಸ್ತು ಕಾಯ್ದೆಯ ಭಯದಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು; ಸುಮಾರು ಒಂದು ದಶಕದಲ್ಲಿ ಬಳಕೆ ಶೇ 90ಕ್ಕಿಂತ ಹೆಚ್ಚು ಕುಸಿಯಿತು. ಕಾಯ್ದೆಗೆ ತಿದ್ದುಪಡಿಯಾಗಲು 2014ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಕೇರಳದಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಆರಂಭಿಸಿದ ಕೆಲಸ ಹಳ್ಳಿಗಳ ಸ್ವಯಂಸೇವಕರವರೆಗೆ ಹಬ್ಬಿತು. ಬೆಂಗಳೂರಿನ ಕರುಣಾಶ್ರಯ ಎಂಬ ಆಶ್ರಯಧಾಮವನ್ನು ನಡೆಸುವ ಟ್ರಸ್ಟ್ 1994ರಲ್ಲಿ ಹುಟ್ಟಿತು. ಅಲ್ಲಿ ಇಂದಿಗೂ ಆರೈಕೆ ಉಚಿತ.

ನಿಮ್ಹಾನ್ಸ್‌ನ ಪಾಲನ್ನು ನಾವು ಸಾಕಷ್ಟು ನೆನೆಯುತ್ತಿಲ್ಲ. ಕ್ಯಾನ್ಸರ್ ಇರುವವರ ಬದುಕಿನ ಗುಣಮಟ್ಟ ಎಂದರೆ ಭಾರತೀಯರಿಗೆ ಏನು ಎಂದು ಡಾ. ಸಂತೋಷ್ ಚತುರ್ವೇದಿ 1991ರಲ್ಲೇ ಕೇಳಿದ್ದರು. ಓಡಾಟದ ಶಕ್ತಿಗಿಂತ ಮನಸ್ಸಿನ ನೆಮ್ಮದಿ, ಆಧ್ಯಾತ್ಮಿಕ ತೃಪ್ತಿ, ಮನೆಮಂದಿಯೊಂದಿಗಿನ ಬಾಂಧವ್ಯಗಳಿಗೆ ಜನ ಹೆಚ್ಚಿನ ಬೆಲೆ ಕೊಟ್ಟರು. ಪಶ್ಚಿಮದ ಮಾಪನಗಳನ್ನು ಹಾಗೆಯೇ ತಂದು ಬಳಸಿದರೆ ಅಳತೆ ತಪ್ಪುತ್ತದೆ ಎಂದು ಇದರಿಂದ ತಿಳಿಯಿತು. ಮನೆಯವರು ಹಾಗೂ ವೈದ್ಯರು ಸೇರಿ ವಿಷಯ ಮುಚ್ಚಿಡುವ ನಮ್ಮ ಪದ್ಧತಿಯ ಬಗೆಗೂ ಚತುರ್ವೇದಿ ಮತ್ತು ಡಾ. ಪ್ರಭಾ ಚಂದ್ರ ಬರೆದಿದ್ದಾರೆ. ಮುಚ್ಚಿಡುವವರನ್ನು ಗದರಿಸದೆ ಅವರ ಭಯವನ್ನು ಮೊದಲು ಕೇಳುವುದು, ಆಮೇಲೆ ರೋಗಿಗೆ ಎಷ್ಟು ಗೊತ್ತು, ಇನ್ನೆಷ್ಟು ತಿಳಿಯುವ ಮನಸ್ಸಿದೆ ಎಂದು ಅವರನ್ನೇ ವಿಚಾರಿಸುವುದು ಇಂದು ಉಪಶಾಮಕ ಆರೈಕೆಯವರು ಅನುಸರಿಸುವ ಕ್ರಮ. 'ಎಲ್ಲ ಮಗನಿಗೆ ಹೇಳಿ, ನನಗೆ ಬೇಡ' ಎಂದು ರೋಗಿ ಹೇಳಿದರೆ ಅದನ್ನೂ ಗೌರವಿಸಬೇಕು. ಆ ತೀರ್ಮಾನ ಅವರದಾಗಿದ್ದರೆ ಸಾಕು.

ಸುಪ್ರೀಂ ಕೋರ್ಟ್‌ನ 2018 ಮತ್ತು 2023ರ ತೀರ್ಪುಗಳಂತೆ, ಚೇತರಿಕೆಯ ಭರವಸೆಯಿಲ್ಲದಾಗ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಬಗ್ಗೆ ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿತು. ಇದನ್ನು ದಯಾಮರಣವೆಂದು ತಿಳಿದವರು ಬಹಳ. ಚುಚ್ಚುಮದ್ದು ಕೊಟ್ಟು ಸಾವು ತರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ವಯಸ್ಕರು ಬುದ್ಧಿ ಸ್ವಾಧೀನದಲ್ಲಿರುವಾಗಲೇ, ಇಬ್ಬರು ಸಾಕ್ಷಿಗಳೆದುರು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣದೊಂದಿಗೆ ತಮ್ಮ ಇಚ್ಛೆಯನ್ನು ಬರೆದಿಡಬಹುದು, ತಮ್ಮ ಪರವಾಗಿ ನಿರ್ಧರಿಸುವವರ ಹೆಸರನ್ನೂ ಸೂಚಿಸಬಹುದು. ಆದರೆ ತನಗಿರುವ ಕಾಯಿಲೆ ಯಾವುದು, ಅದು ಎಲ್ಲಿಗೆ ಬಂದಿದೆ ಎಂದು ತಿಳಿಯದ ರೋಗಿ ಆ ಕಾಗದದಲ್ಲಿ ಬರೆಯುವುದಾದರೂ ಏನನ್ನು?