ತೋಟದ ಸಿಲ್ವರ್ ಓಕ್ ಹಲಗೆಗೂ ಮುದ್ರೆ ಬೇಕು

ಕೊಡಗಿನ ಬೆಳೆಗಾರರ ರಫ್ತು ಕಾಗದಪತ್ರಗಳನ್ನು ಕುಶಾಲನಗರದಲ್ಲಿ ಕುಳಿತು ಸಿದ್ಧಪಡಿಸುವ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್‌ಗಳನ್ನು ಅಚ್ಚುಕಟ್ಟಾಗಿಯೇ ತಂದಿರುತ್ತಾರೆ. ಅವರು ಎಡವುವುದು ಸರಕಿನ ಅಡಿಯಲ್ಲಿರುವ ಹಲಗೆಯ ಚೌಕಟ್ಟಿನ, ಅಂದರೆ ಮರದ ಪ್ಯಾಲೆಟ್‌ನ ವಿಷಯದಲ್ಲಿ. "ಮೆಣಸಿಗೆ ಫೈಟೊಸ್ಯಾನಿಟರಿ ಸರ್ಟಿಫಿಕೇಟ್ ಸಿಕ್ಕಿದೆಯಲ್ಲ, ಹಲಗೆಗೆ ಇನ್ನೇನು ಬೇಕು?" ಎಂಬ ಪ್ರಶ್ನೆ ಪ್ರತಿ ಹಂಗಾಮಿನಲ್ಲೂ ತಪ್ಪದೆ ಬರುತ್ತದೆ.

ಸರಕಿನಲ್ಲಿ ಕೀಟ, ರೋಗ ಇಲ್ಲವೆಂದು ಹೇಳುವ ಆ ಸರ್ಟಿಫಿಕೇಟ್ ಇರುವುದು ಮೆಣಸಿಗೆ. ಪ್ಯಾಲೆಟ್‌ನ ಮರಕ್ಕೆ ಅದರೊಳಗೆ ಅಡಗಿ ಸಾಗುವ ಕೀಟಗಳನ್ನು ತಡೆಯಲೆಂದು 2002ರಲ್ಲಿ ಅಂಗೀಕಾರವಾದ ಐಎಸ್‌ಪಿಎಂ 15 ಎಂಬ ಬೇರೆಯೇ ಅಂತಾರಾಷ್ಟ್ರೀಯ ನಿಯಮವಿದೆ. ತೊಗಟೆ ತೆಗೆದ ಮರವನ್ನು, ಅದರ ಒಳತಿರುಳಿಗೂ ಕನಿಷ್ಠ 56 ಡಿಗ್ರಿ ಸೆಲ್ಸಿಯಸ್ ಶಾಖ ತಲುಪಿ ಸತತ 30 ನಿಮಿಷ ನಿಲ್ಲುವಂತೆ ಕಾಯಿಸಬೇಕು, ಇಲ್ಲವೇ ನಿಯಮ ಒಪ್ಪುವ ಬೇರೊಂದು ಉಪಚಾರ ಮಾಡಿಸಬೇಕು. ಬಳಿಕ ಮಾನ್ಯತೆ ಪಡೆದ ಘಟಕದವರು ಗೋಧಿ ತೆನೆಯ ಚಿಹ್ನೆ, ಭಾರತವನ್ನು ಸೂಚಿಸುವ 'ಐಎನ್', ತಮ್ಮ ನೋಂದಣಿ ಸಂಖ್ಯೆ ಮತ್ತು ಶಾಖೋಪಚಾರವಾಗಿದ್ದರೆ 'ಎಚ್‌ಟಿ' ಇರುವ ಮುದ್ರೆಯನ್ನು ಪ್ಯಾಲೆಟ್‌ನ ಎದುರುಬದುರು ಬದಿಗಳಲ್ಲಿ ಒತ್ತುತ್ತಾರೆ. ಆಮದು ದೇಶದ ಅಧಿಕಾರಿ ಹುಡುಕುವುದು ಮರದ ಮೇಲಿನ ಈ ಮುದ್ರೆಯನ್ನು. ಕೈಯಲ್ಲಿ ಬರೆದ ಮುದ್ರೆ ನಡೆಯುವುದಿಲ್ಲ.

ಸಿದ್ದಾಪುರದ ಕಡೆಯ ಹಿರಿಯ ಬೆಳೆಗಾರರೊಬ್ಬರು ತಮ್ಮ ತೋಟದ ಸಿಲ್ವರ್ ಓಕ್ ಕೊಯ್ಯಿಸಿ, ಊರಿನ ಬಡಗಿಯಿಂದಲೇ ಹತ್ತು ಪ್ಯಾಲೆಟ್ ಮಾಡಿಸಿದ್ದರು. ಅಂಥ ಗಟ್ಟಿ ಕೆಲಸವನ್ನು ನಾನು ಕಂಡಿದ್ದು ಕಡಿಮೆ. "ಅಲ್ಲಪ್ಪಾ, ಮೂರು ಬೇಸಿಗೆ ಒಣಗಿದ ಮರ, ಇದರಲ್ಲಿ ಎಂಥ ಹುಳ ಇರುತ್ತದೆ?" ಎಂದು ಕೇಳಿದರು. ಅವರಿಗೆ ನಾನು ನೆನಪಿಸಿದ್ದು ನಮ್ಮ ಅರೇಬಿಕಾ ಗಿಡಗಳನ್ನು ಒಳಗಿನಿಂದಲೇ ಕೊರೆದು ಒಣಗಿಸುವ ಬಿಳಿ ಕಾಂಡಕೊರಕವನ್ನು. ಅದೇ ಕುಟುಂಬಕ್ಕೆ ಸೇರಿದ ಏಷ್ಯಾದ ಉದ್ದಮೀಸೆಯ ದುಂಬಿಯೊಂದು ಸರಕಿನ ಮರದೊಳಗೆ ಅಡಗಿ ಅಮೆರಿಕ ತಲುಪಿ, 1996ರಲ್ಲಿ ನ್ಯೂಯಾರ್ಕಿನ ಮರಗಳಲ್ಲಿ ಪತ್ತೆಯಾಯಿತು. ಕಾಂಡಕೊರಕಕ್ಕೆ ಗಿಡ ಕಳೆದುಕೊಂಡ ನಮಗೆ ಆ ದೇಶದವರ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲಿನಲ್ಲಿ ಒಣಗುವುದಕ್ಕೂ ತಿರುಳಿನವರೆಗೆ ಬಿಸಿಯಾಗುವುದಕ್ಕೂ ಇರುವ ವ್ಯತ್ಯಾಸ ಆ ಬೆಳೆಗಾರರಿಗೆ ಕೂಡಲೇ ತಿಳಿಯಿತು. ಆದರೆ ಅಷ್ಟರಲ್ಲಿ ಲಾರಿ ಸಂಪಾಜೆ ಘಾಟಿ ಇಳಿದಾಗಿತ್ತು. ಮಂಗಳೂರಿನಲ್ಲಿ ಪೆಟ್ಟಿಗೆಗಳನ್ನೆಲ್ಲ ಇಳಿಸಿ ಮುದ್ರೆಯಿರುವ ಪ್ಯಾಲೆಟ್‌ಗಳ ಮೇಲೆ ಮತ್ತೆ ಜೋಡಿಸುವ ಹೊತ್ತಿಗೆ ಹಡಗು ತಪ್ಪಿತು.

ಪ್ಯಾಲೆಟ್ ಬದಲಾದರೆ ತೂಕವೂ ಬದಲಾಗುತ್ತದೆ. ನೆಟ್ ತೂಕ ಸರಕಿನದ್ದು ಮಾತ್ರ. ಗ್ರಾಸ್ ತೂಕದಲ್ಲಿ ಪೆಟ್ಟಿಗೆಯೂ ಪ್ಯಾಲೆಟ್ಟೂ ಸೇರುತ್ತವೆ. ಹಾಗಾಗಿ ಅವರ ಪ್ಯಾಕಿಂಗ್ ಲಿಸ್ಟ್ ಮತ್ತು ಕಸ್ಟಮ್ಸ್ ಇಲಾಖೆಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ ಎರಡನ್ನೂ ತಿದ್ದಬೇಕಾಯಿತು.

ಮುದ್ರೆಯಿಲ್ಲದ ಮರ ಆಮದು ದೇಶಕ್ಕೆ ತಲುಪಿದರೆ ಏನಾಗುತ್ತದೆಂಬುದು ಆಯಾ ದೇಶದ ಕಾನೂನನ್ನು ಅವಲಂಬಿಸಿದೆ. ಕೆಲವೆಡೆ ಉಪಚಾರಕ್ಕೆ ಅವಕಾಶ ಸಿಗಬಹುದು, ಕೆಲವೆಡೆ ಸರಕಿನ ಸಮೇತ ವಾಪಸು ಕಳುಹಿಸಬಹುದು, ಆದ್ದರಿಂದ ಎಲ್ಲ ದೇಶಗಳಿಗೂ ಅನ್ವಯಿಸುವ ಭರವಸೆಯನ್ನು ನಾನು ಕೊಡಲಾರೆ. ಪ್ಲಾಸ್ಟಿಕ್ ಪ್ಯಾಲೆಟ್‌ಗೂ ಪೂರ್ತಿ ಪ್ಲೈವುಡ್ಡಿನಿಂದ ಮಾಡಿದ ಪ್ಯಾಲೆಟ್‌ಗೂ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಪ್ಲೈವುಡ್ ಪ್ಯಾಲೆಟ್‌ಗೆ ಮರದ ಗುಟ್ಟಿಗಳನ್ನು ಹೊಡೆದಿದ್ದರೆ ವಿನಾಯಿತಿ ಅಲ್ಲಿಗೇ ಮುಗಿಯಿತು.

ಹಳೆಯ ಪ್ಯಾಲೆಟ್ ಕೊಳ್ಳುವವರು ಮುದ್ರೆಯೊಂದನ್ನೇ ನೋಡಿ ಹಣ ಕೊಡಬಾರದು. ಮುರಿದ ಪಟ್ಟಿಯ ಜಾಗದಲ್ಲಿ ಗುರುತಿಲ್ಲದ ಹೊಸ ಪಟ್ಟಿ ಹೊಡೆದಿದ್ದರೆ ಹಳೆಯ ಮುದ್ರೆ ಆ ತುಂಡಿಗೆ ಸಲ್ಲುವುದಿಲ್ಲ. ಪ್ಯಾಲೆಟ್ಟನ್ನು ಮಗುಚಿ, ಅಡಿಭಾಗದ ಪಟ್ಟಿಗಳ ಚಿತ್ರವನ್ನೂ ತೆಗೆದು, ಲಾರಿಗೆ ಸರಕು ಏರಿಸುವ ಮೊದಲೇ ನನಗೆ ಕಳುಹಿಸಿ.