ಗಡಿಯಾಚೆ ಬಂದ್, ಈಚೆ ಚಾಲೂ: ಇಂಟರ್ನೆಟ್ ತಡೆಯ ಹಿನ್ನೆಲೆ

2023ರ ಜೂನ್‌ನಲ್ಲಿ ಕೊಲ್ಹಾಪುರದಲ್ಲಿ ಗಲಾಟೆ ಆಯಿತು. ಕೆಲವರು ಮೊಬೈಲ್ ಸ್ಟೇಟಸ್‌ಗೆ ಹಾಕಿಕೊಂಡಿದ್ದ ಸಂಗತಿ ಅದಕ್ಕೆ ಕಾರಣ. ಕೂಡಲೇ ಅಲ್ಲಿ ಇಂಟರ್ನೆಟ್ ಬಂದ್ ಮಾಡಿದರು. ಬೆಳಗಾವಿ ಜಿಲ್ಲೆಯ ನಮ್ಮ ನಿಪ್ಪಾಣಿಯಿಂದ ಕೊಲ್ಹಾಪುರ ಹೆಚ್ಚೆಂದರೆ ಒಂದು ತಾಸಿನ ದಾರಿ. ವ್ಯಾಪಾರಕ್ಕೆ, ಓದಿಗೆ, ದವಾಖಾನೆಗೆ ಎಂದು ಈ ಕಡೆಯ ಮಂದಿ ಅಲ್ಲಿಗೆ ಹೋಗಿ ಬರುತ್ತಲೇ ಇರುತ್ತಾರೆ. ಆದೇಶ ಮಹಾರಾಷ್ಟ್ರದ್ದು, ಅದಕ್ಕೆ ರಾಜ್ಯದ ಗಡಿಯೇ ಕೊನೆ. ಸ್ಟೇಟಸ್ ಹಾಕಿದವರು ಕೆಲವೇ ಜನ. ಸಂಪರ್ಕ ಕಳೆದುಕೊಂಡಿದ್ದು ಊರಿಗೆ ಊರೇ.

ಇಂಥ ಆದೇಶದ ಬೇರು ಬಹಳ ಹಳೆಯದು. 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ತಂತಿ ಸಂದೇಶಗಳನ್ನು ತಡೆಯುವ ಅಧಿಕಾರವನ್ನು ಬ್ರಿಟಿಷರು ಇಟ್ಟುಕೊಂಡಿದ್ದರು. 2017ರಲ್ಲಿ ಅದೇ ಕಾಯ್ದೆಯ ಅಡಿಯಲ್ಲಿ ಇಂಟರ್ನೆಟ್ ನಿಲ್ಲಿಸುವ ನಿಯಮಗಳು ಬಂದವು. ಈಗ 2023ರ ದೂರಸಂಪರ್ಕ ಕಾಯ್ದೆ ಅದರ ಜಾಗಕ್ಕೆ ಬಂದಿದೆ. ಅಧಿಕಾರ ಮಾತ್ರ ಹಾಗೇ ಉಳಿದಿದೆ.

ಮಾತಿಗೆ ಬೀಳುವ ತಡೆ ಬೆಳಗಾವಿಗೆ ಹೊಸದಲ್ಲ. 1916ರಲ್ಲಿ ತಿಲಕರು ಹೋಂ ರೂಲ್ ಲೀಗ್ ಶುರು ಮಾಡಿದ್ದು ಇಲ್ಲೇ. ಅದೇ ವರ್ಷ ಸರಕಾರ ಅವರ ಮೂರು ಭಾಷಣಗಳನ್ನು ರಾಜದ್ರೋಹವೆಂದು ಹಿಡಿಯಿತು. ಅದರಲ್ಲಿ ಒಂದು ಬೆಳಗಾವಿಯಲ್ಲಿ ಮಾಡಿದ್ದು, ಎರಡು ಅಹಮದನಗರದವು. ಸನ್ನಡತೆಗಾಗಿ 20,000 ರೂಪಾಯಿಯ ಮುಚ್ಚಳಿಕೆ ಬರೆದುಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆದೇಶ ಹೊರಡಿಸಿದರು. ತಿಲಕರ ಪರವಾಗಿ ಜಿನ್ನಾ ವಾದಿಸಿದರು. ನವೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಪರದೇಶಿ ಸರಕಾರವೂ ಯಾವ ಭಾಷಣ ತಪ್ಪು, ಯಾಕೆ ತಪ್ಪು ಎಂದು ಕೋರ್ಟಿನಲ್ಲಿ ಹೇಳಬೇಕಾಯಿತು, ಅದನ್ನು ಎದುರಿಸಲು ದಾರಿ ಇತ್ತು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ನೋಡಬೇಕು.

ಸರಕಾರಿ ಕಂಪನಿ ವಿಎಸ್ಎನ್ಎಲ್ 1995ರ ಆಗಸ್ಟ್ 15ರಂದು ಜನರಿಗೆ ಇಂಟರ್ನೆಟ್ ಕೊಟ್ಟಿತು. 2003ರಲ್ಲಿ ಮೇಘಾಲಯದ ಒಂದು ಪುಟ್ಟ ಯಾಹೂ ಗುಂಪನ್ನು (ಆನ್‌ಲೈನ್ ಚರ್ಚೆಯ ಬಳಗ) ತಡೆಯಿರಿ ಎಂಬ ಆದೇಶ ಬಂತು. ಆ ಒಂದು ಗುಂಪನ್ನು ಮಾತ್ರ ತಡೆಯುವುದು ಇಂಟರ್ನೆಟ್ ಕೊಡುವ ಕಂಪನಿಗಳಿಗೆ ಆಗಲಿಲ್ಲ. ಯಾಹೂ ಗ್ರೂಪ್ಸ್ ಪೂರ್ತಿ ನಿಂತಿತು. 2006ರ ಜುಲೈನಲ್ಲಿ ಮುಂಬೈ ರೈಲು ಸ್ಫೋಟದ ನಂತರ ಮತ್ತೆ ಅದೇ ಕಥೆ. ಪಟ್ಟಿಯಲ್ಲಿದ್ದದ್ದು ಕೆಲವೇ ಪುಟಗಳು, ಮುಚ್ಚಿಹೋಗಿದ್ದು ಸಾವಿರಾರು ಜನ ಬ್ಲಾಗ್ ಬರೆಯುತ್ತಿದ್ದ ಇಡೀ ಬ್ಲಾಗ್‌ಸ್ಪಾಟ್ ತಾಣ. ಕನ್ನಡದಲ್ಲಿ ಬ್ಲಾಗ್ ಬರೆಯುವವರು ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ ಅದು. ಕವಿತೆ, ಅಡುಗೆ, ಊರಿನ ಸುದ್ದಿ ಬರೆದವರಿಗೂ ಏಟು ಬಿತ್ತು. 2014ರ ಡಿಸೆಂಬರ್‌ನಲ್ಲಿ ತಡೆಗೆ ಸಿಕ್ಕ 32 ತಾಣಗಳಲ್ಲಿ ಪ್ರೋಗ್ರಾಮರುಗಳು ದಿನಾ ಬಳಸುವ ಗಿಟ್‌ಹಬ್ ಕೂಡ ಇತ್ತು.

ಪ್ರತಿ ಸಲ ಹೀಗೇಕೆ ಆಗುತ್ತದೆ? ನಾವು ತಾಣದ ಹೆಸರು ಒತ್ತಿದಾಗ ಡಿಎನ್ಎಸ್ ಎಂಬ ವ್ಯವಸ್ಥೆ ಅದರ ವಿಳಾಸ ಹುಡುಕಿ ಕೊಡುತ್ತದೆ. ಸಂಪರ್ಕ ಕೊಡುವ ಕಂಪನಿ ಅಲ್ಲಿ ಸುಳ್ಳು ವಿಳಾಸ ಕೊಡಬಹುದು, ಇಲ್ಲವೇ ಹೆಸರು ನೋಡಿಯೇ ಸಂಪರ್ಕ ಕಡಿಯಬಹುದು. ಈಗ ಹೆಚ್ಚಿನ ತಾಣಗಳು ಮಾಹಿತಿಯನ್ನು ಗುಟ್ಟಾಗಿ ಕಳಿಸುವ ಎಚ್‌ಟಿಟಿಪಿಎಸ್ ಬಳಸುವುದರಿಂದ ಒಳಗಿನ ಪುಟ ಯಾವುದೆಂದು ಕಂಪನಿಗೆ ಕಾಣುವುದಿಲ್ಲ, ತಾಣದ ಹೆಸರಷ್ಟೇ ಕಾಣುತ್ತದೆ. ಹಾಗಾಗಿ ಒಂದು ಪುಟ ಬೇಡವೆಂದರೆ ಇಡೀ ತಾಣವನ್ನೇ ಮುಚ್ಚಬೇಕು, ಇಲ್ಲವೇ ತಾಣದ ಮಾಲೀಕರಿಗೆ ಹೇಳಿ ತೆಗೆಸಬೇಕು. ಇದಕ್ಕೆ ಬಳಸುವ ಮುಖ್ಯ ಕಾನೂನು ಐಟಿ ಕಾಯ್ದೆಯ 69ಎ ಸೆಕ್ಷನ್. 2009ರ ನಿಯಮಗಳ ಪ್ರಕಾರ ದೂರು ಮತ್ತು ಅದರ ಮೇಲಿನ ಕ್ರಮ ಗುಟ್ಟಾಗಿರಬೇಕು. 2015ರಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನ್ ಮಾತಿಗೆ ಶಿಕ್ಷೆ ವಿಧಿಸುತ್ತಿದ್ದ 66ಎ ಸೆಕ್ಷನ್ನನ್ನು ರದ್ದು ಮಾಡಿತು. 69ಎ ಮಾತ್ರ ಉಳಿಯಿತು. ಆದೇಶದಲ್ಲಿ ಕಾರಣ ಬರೆದಿರುತ್ತದೆ, ಅದನ್ನು ಪ್ರಶ್ನಿಸಬಹುದು ಎಂಬುದು ಕೋರ್ಟ್ ಕೊಟ್ಟ ಸಮಾಧಾನ. ಆದರೆ ಆದೇಶವೇ ಕೈಗೆ ಸಿಗದಿದ್ದರೆ ಪ್ರಶ್ನಿಸುವುದು ಹೇಗೆ? ತಿಲಕರಿಗೆ ಸಿಕ್ಕ ನೋಟಿಸು ಇಂದಿನ ಯೂಟ್ಯೂಬ್ ಚಾನೆಲ್‌ನವರಿಗೆ ಎಷ್ಟೋ ಸಲ ಸಿಗುವುದಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ.

ಸರಕಾರದ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಶಿವಾಜಿ ಪ್ರತಿಮೆಗೆ ಮಸಿ ಬಳಿದ ವಿಡಿಯೋ ಹರಿದಾಡಿತು. ಅದರ ಬೆನ್ನಲ್ಲೇ ಬೆಳಗಾವಿಯ ಅನಗೋಳದಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಗೆ ಹಾನಿ ಮಾಡಿದರು, ಊರಲ್ಲಿ ಕಲ್ಲುಗಳು ಹಾರಿದವು. ಗಡಿಯ ಊರಲ್ಲಿ ಒಂದು ವಿಡಿಯೋ ಏನು ಮಾಡಬಲ್ಲದು ಎಂಬುದು ಇಲ್ಲಿ ಬದುಕುವವರಿಗೆ ಗೊತ್ತು. ಅದಕ್ಕೇ ತಡೆ ಬೇಕಾದ ಹೊತ್ತಿನಲ್ಲೂ ಅದು ಯಾರ ಮೇಲೆ, ಎಷ್ಟು ದಿನ, ಯಾಕೆ ಎಂಬುದು ಬಯಲಲ್ಲಿ ಇರಬೇಕು ಅನ್ನುತ್ತೇನೆ.

ಈ ಇಕ್ಕಟ್ಟಿನಿಂದ ಪಾರಾಗಲು ಕೆಲವರು ತೋರಿಸುವ ದಾರಿ ವಿಕೇಂದ್ರೀಕೃತ ವೆಬ್. ಅಂದರೆ ಒಡೆತನ ಒಂದೇ ಕಡೆ ಇಲ್ಲದ ಜಾಲ. ವೆಬ್ ಹುಟ್ಟಿದ್ದೇ ಹಾಗೆ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟ ಯೋಚನೆಯನ್ನು ಅವರು ಕೆಲಸ ಮಾಡುತ್ತಿದ್ದ ಯುರೋಪಿನ ವಿಜ್ಞಾನ ಸಂಶೋಧನೆಯ ಸರ್ನ್ ಸಂಸ್ಥೆ 1993ರಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟುಕೊಟ್ಟಿತು. ಯಾರು ಬೇಕಾದರೂ ತಮ್ಮ ಸರ್ವರ್ (ಪುಟಗಳನ್ನು ಇಟ್ಟು ಹಂಚುವ ಕಂಪ್ಯೂಟರ್) ಇಟ್ಟು ಪುಟ ಹಾಕಬಹುದಿತ್ತು. ಆಮೇಲೆ ನಾವೇ ಅನುಕೂಲಕ್ಕಾಗಿ ನಾಲ್ಕಾರು ಕಂಪನಿಗಳ ಕಡೆ ಸೇರಿಕೊಂಡೆವು. ಇಡೀ ಊರು ಒಂದೇ ಬಾವಿಯ ನೀರು ಕುಡಿಯುವಂತಾಯಿತು. ಬಾವಿಗೆ ಮುಚ್ಚಳ ಹಾಕಿದರೆ ಮುಗಿಯಿತು.

2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲರೊಬ್ಬರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ ಭಾರತದ ಬಹಳ ಜನ ಮಾಸ್ಟೊಡಾನ್ ಕಡೆ ಹೊರಟರು. 2016ರಲ್ಲಿ ಆಯ್ಗೆನ್ ರೊಚ್ಕೊ ಶುರು ಮಾಡಿದ, ಟ್ವಿಟರ್‌ನಂಥ ಜಾಲ ಅದು. ಸರ್ವರ್‌ಗಳು ಬೇರೆ ಬೇರೆಯವರವು, ಆದರೂ ಒಂದರಲ್ಲಿ ಇದ್ದವರು ಇನ್ನೊಂದರಲ್ಲಿ ಇದ್ದವರ ಜೊತೆ ಮಾತಾಡಬಹುದು. ಇಮೇಲ್ ಕೆಲಸ ಮಾಡುವುದೂ ಹೀಗೇ ಅಲ್ವಾ? ಕಡತ ಹಂಚುವ ಐಪಿಎಫ್ಎಸ್ ಎಂಬ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಕಡತ ಎಲ್ಲಿದೆ ಎಂದು ಕೇಳುವುದಿಲ್ಲ, ಯಾವ ಕಡತ ಎಂದು ಕೇಳುತ್ತಾರೆ. ಪ್ರತಿ ಯಾರ ಹತ್ತಿರ ಇದ್ದರೂ ಸಿಗುತ್ತದೆ. ಟರ್ಕಿ 2017ರ ಏಪ್ರಿಲ್‌ನಲ್ಲಿ ವಿಕಿಪೀಡಿಯವನ್ನು ಮುಚ್ಚಿದಾಗ ಟರ್ಕಿ ಭಾಷೆಯ ವಿಕಿಪೀಡಿಯದ ಪ್ರತಿಯನ್ನು ಹೀಗೆ ಉಳಿಸಿ ಹಂಚಿದರು. ಅಲ್ಲಿ ತಡೆ ತೆರವಾಗಿದ್ದು 2020ರ ಜನವರಿಯಲ್ಲಿ.

ಭರವಸೆ ದೊಡ್ಡದು, ನಿಜ. ಆದರೆ ತಡೆಯುವವರೂ ಸುಮ್ನೆ ಕೂರುವುದಿಲ್ಲ. 2017ರ ಅಕ್ಟೋಬರ್‌ನಲ್ಲಿ ಕ್ಯಾಟಲೋನಿಯಾ ಸ್ಪೇನಿನಿಂದ ಬೇರೆಯಾಗಬೇಕೇ ಎಂಬ ಜನಮತಗಣನೆಯ ಹೊತ್ತಿನಲ್ಲಿ ಮತಗಟ್ಟೆ ತಿಳಿಸುವ ತಾಣವನ್ನು ಐಪಿಎಫ್ಎಸ್‌ನಲ್ಲಿ ಇಟ್ಟರು. ಸ್ಪೇನಿನ ಕಂಪನಿಗಳು ಅದಕ್ಕೆ ಹೋಗುವ ಮುಖ್ಯ ದ್ವಾರವನ್ನೇ ತಡೆದವು. ನಮ್ಮಲ್ಲಿ 2023ರ ಮೇ ತಿಂಗಳಲ್ಲಿ 14 ಮೆಸೇಜಿಂಗ್ ಆ್ಯಪ್‌ಗಳ ಮೇಲೆ ತಡೆ ಬಿತ್ತು. ಅವುಗಳಲ್ಲಿ ಬ್ರಯರ್ ಮತ್ತು ಎಲಿಮೆಂಟ್ ಇದ್ದವು. ಬ್ರಯರ್‌ಗೆ ನಡುವೆ ಕೂತ ಸರ್ವರ್ ಬೇಕಿಲ್ಲ, ಹತ್ತಿರದ ಫೋನುಗಳ ನಡುವೆ ಬ್ಲೂಟೂತ್‌ನಲ್ಲೂ ಸಂದೇಶ ಕಳಿಸಬಹುದು. ಇನ್ನು ಇಂಟರ್ನೆಟ್ಟನ್ನೇ ನಿಲ್ಲಿಸಿದರೆ ಮಾಸ್ಟೊಡಾನ್ ಇದ್ದರೇನು, ಬಿಟ್ಟರೇನು. ಕೊಲ್ಹಾಪುರದಲ್ಲಿ ಆಗಿದ್ದು ಅದೇ. ಅಲ್ಲಿ ಕೆಲಸಕ್ಕೆ ಬರುವುದು ಕಾನೂನು. ಇಂಟರ್ನೆಟ್ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು, ಕಾಶ್ಮೀರದ ಇಂಟರ್ನೆಟ್ ತಡೆಯ ಕುರಿತ ಅನುರಾಧಾ ಭಸಿನ್ ಪ್ರಕರಣದಲ್ಲಿ ಹೇಳಿದೆ. ಆದೇಶ ಪ್ರಕಟವಾಗದಿದ್ದರೆ ಈ ತೀರ್ಪು ಹಿಡಿದು ಜಿಲ್ಲಾಡಳಿತವನ್ನು ಕೇಳಬಹುದು, ಹೈಕೋರ್ಟಿಗೂ ಹೋಗಬಹುದು.

ಇನ್ನೊಂದು ಕಷ್ಟದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಸ್ವಂತ ಸರ್ವರ್ ಅಂದರೆ ಸ್ವಂತ ಹೊಣೆ. ಬಾಡಿಗೆ ಕಟ್ಟಬೇಕು, ಬ್ಯಾಕಪ್ ತೆಗೆಯಬೇಕು, ರಾತ್ರಿ ಯಾರೋ ದ್ವೇಷದ ಪೋಸ್ಟ್ ಹಾಕಿದರೆ ಎದ್ದು ತೆಗೆಯಬೇಕು. ಅದೂ ಬೆಳಗಾವಿಯಂಥ ಕಡೆ ಕನ್ನಡ, ಮರಾಠಿ, ಉರ್ದು ಮೂರೂ ಬಲ್ಲವರು ಬೇಕು. ದೂರದ ಕಂಪನಿಯ ಯಂತ್ರಕ್ಕೆ ಇಲ್ಲಿನ ಬೈಗುಳ ಯಾವುದು, ಚೇಷ್ಟೆ ಯಾವುದು ಎಂದು ತಿಳಿಯುವುದು ಕಷ್ಟ, ಇಲ್ಲಿನವರಿಗೆ ಸಲೀಸು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮುಖ್ಯ ಕಚೇರಿ ಇರುವ ಊರಿದು, ಸುತ್ತ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ಮಾಸ್ಟೊಡಾನ್ ತಂತ್ರಾಂಶ ಪುಕ್ಕಟೆ, ಸಣ್ಣ ಗುಂಪಿಗೆ ಒಂದು ಸಾಧಾರಣ ಬಾಡಿಗೆ ಸರ್ವರ್ ಸಾಕು. ಕಾಲೇಜಿನ ಒಂದು ಪ್ರಾಜೆಕ್ಟ್ ಆಗಿ ಇದನ್ನು ಶುರು ಮಾಡಬಹುದು. ಹುಡುಗರು ಓದು ಮುಗಿಸಿ ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಅದನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳಬೇಕು.